ಮೊದಲ ಮಗ್ಗ ಯಾವುದಿರಬೇಕು: ಮೊಳೆ ಚೌಕಟ್ಟು, ಸೊಂಟದ ಮಗ್ಗ, ಮೇಜಿನ ಮಗ್ಗ, ಗುಂಡಿಮಗ್ಗ

ನೇಯ್ಗೆ ಕಲಿಯಬೇಕೆಂದು ಮನೆಗೆ ಬರುವವರು ಕುಳಿತುಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಯಾವ ಮಗ್ಗ ತೆಗೆದುಕೊಳ್ಳಲಿ? ನಾನು ತಿರುಗಿ ಕೇಳುವುದೂ ಒಂದೇ: ಮೊದಲ ಆರು ತಿಂಗಳಲ್ಲಿ ಎಷ್ಟು ಸಲ ಹಾಸು ಹಾಕಬಲ್ಲಿರಿ?

ಈ ಪ್ರಶ್ನೆ ಬಹಳ ಜನರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ನೇಯ್ಗೆ ಎಂದರೆ ಲಾಳಿ ಅತ್ತಿಂದಿತ್ತ ಓಡುವುದು ಎಂದೇ ಎಲ್ಲರ ಮನಸ್ಸಿನಲ್ಲಿರುತ್ತದೆ. ಲಾಳಿ ಓಡಿಸುವುದು, ಅಂದರೆ ಹೊಕ್ಕು ಹಾಕುವುದು, ಒಂದು ಮಧ್ಯಾಹ್ನದಲ್ಲಿ ಕೈಗೆ ಬರುತ್ತದೆ. ಉದ್ದಕ್ಕೆ ಹೋಗುವ ಎಳೆಗಳನ್ನು, ಅಂದರೆ ಹಾಸನ್ನು, ಒಂದೇ ಬಿಗಿಯಲ್ಲಿ, ಒಂದರ ಮೇಲೊಂದು ಏರದಂತೆ, ಲೆಕ್ಕ ತಪ್ಪದಂತೆ ಮಗ್ಗದ ಮೇಲೆ ಕೂರಿಸುವುದು ಮಾತ್ರ ತಿಂಗಳುಗಟ್ಟಲೆ ಬೇಡುವ ಕೆಲಸ. ಹಾಸು ಸರಿಯಿದ್ದರೆ ಹೊಸಬನ ಕೈಯಲ್ಲೂ ಬಟ್ಟೆ ಚೆನ್ನಾಗಿ ಬರುತ್ತದೆ. ಹಾಸು ಕೆಟ್ಟಿದ್ದರೆ ಮೂವತ್ತು ವರ್ಷ ನೇಯ್ದವರೂ ಕೈಚೆಲ್ಲುತ್ತಾರೆ. ಆದ್ದರಿಂದ ಮಗ್ಗವನ್ನು ಆರಿಸುವಾಗ ನಾನು ನೋಡುವುದು ಅದು ಎಷ್ಟು ಅಗಲದ ಬಟ್ಟೆ ಕೊಡುತ್ತದೆ ಎಂಬುದನ್ನಲ್ಲ, ಅದರ ಮೇಲೆ ಎಷ್ಟು ಬೇಗ ಇನ್ನೊಂದು ಹಾಸು ಹಾಕಬಹುದು ಎಂಬುದನ್ನು.

ಇದನ್ನು ನಾನು ಕಲಿತದ್ದು ಸುಲಭವಾಗಿ ಅಲ್ಲ. ಕೆಲವು ವರ್ಷಗಳ ಹಿಂದೆ ನಗರದಲ್ಲಿ ನಡೆದ ಎರಡು ದಿನಗಳ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಪ್ರತಿಯೊಬ್ಬರಿಗೂ ಹಾಸು ಹಾಕಿ ಸಿದ್ಧಪಡಿಸಿದ ಮಗ್ಗ ಕೊಟ್ಟರು. ಕುಳಿತೆವು, ನೇಯ್ದೆವು, ಎರಡನೆಯ ದಿನ ಸಂಜೆ ಒಂದೊಂದು ಶಾಲು ಹಿಡಿದು ಮನೆಗೆ ಬಂದೆವು. ನನಗೆ ನೇಯ್ಗೆ ಬಂತು ಎಂದೇ ನಂಬಿದೆ. ಬಡಗಿಯವರನ್ನು ಹಿಡಿದು ಮೂರಡಿ ಅಗಲದ, ಕಾಲಿನಲ್ಲಿ ತುಳಿಯುವ ಮಗ್ಗ ಮಾಡಿಸಿದೆ. ನಾನೂರು ಎಳೆಗಳ ಹಾಸು ಹಾಕಲು ಕುಳಿತಾಗ ಗೊತ್ತಾಯಿತು, ಶಿಬಿರದಲ್ಲಿ ನನಗೆ ಕಲಿಸಿದ್ದು ಊಟ ಮಾಡುವುದನ್ನು, ಅಡುಗೆಯನ್ನಲ್ಲ ಎಂದು. ಮೂರು ದಿನ ಬಿಡಿಸಿದರೂ ಗಂಟು ಬಿಡಲಿಲ್ಲ. ನಾಲ್ಕನೆಯ ದಿನ ಕತ್ತರಿ ಹಾಕಿದೆ. ಒಂದು ಕಿಲೋ ಒಳ್ಳೆಯ ಹತ್ತಿ ನೂಲು ಕಸವಾಯಿತು. ಆ ಮಗ್ಗ ಎರಡು ವರ್ಷ ಹಾಗೆಯೇ ಗೋಡೆಗೆ ಒರಗಿತ್ತು. ಆಮೇಲೆ ನಾನು ಮೊಳೆ ಚೌಕಟ್ಟಿನಿಂದ, ಮೊದಲಿನಿಂದ, ಶುರುಮಾಡಿದೆ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಹಾಸಿಗೂ ಒಂದು ಸಂಖ್ಯೆ ಕೊಟ್ಟು ಎಳೆ ಎಷ್ಟು, ಉದ್ದ ಎಷ್ಟು, ಎಲ್ಲಿ ತಪ್ಪಿತು ಎಂದು ಬರೆಯುತ್ತ ಬಂದೆ. ಕೆಳಗಿನ ಹೋಲಿಕೆ ಆ ನೋಟ್‌ಬುಕ್ಕಿನಿಂದ ಹುಟ್ಟಿದ್ದು.

ಮೊಳೆ ಚೌಕಟ್ಟು

ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಮರದ ಚೌಕಟ್ಟು. ಮೇಲೂ ಕೆಳಗೂ ಅರ್ಧ ಸೆಂಟಿಮೀಟರಿಗೆ ಒಂದರಂತೆ ಸಣ್ಣ ಮೊಳೆಗಳು. ಮೇಲಿನ ಮೊಳೆಯಿಂದ ಕೆಳಗಿನ ಮೊಳೆಗೆ, ಅಲ್ಲಿಂದ ಮತ್ತೆ ಮೇಲಕ್ಕೆ ದಾರ ಸುತ್ತುತ್ತ ಹೋದರೆ ಹಾಸು ಸಿದ್ಧ. ಮೊಳೆಗಳನ್ನು ಒಂದೇ ಸಾಲಿನಲ್ಲಿ ಹೊಡೆದರೆ ಮರ ಸೀಳುತ್ತದೆ. ಒಂದು ಮೇಲೆ ಒಂದು ಕೆಳಗೆ ಬರುವಂತೆ ಎರಡು ಸಾಲಿನಲ್ಲಿ ಹೊಡೆಯಬೇಕು. ಮರ ಒಣಗಿದ್ದಾಗಿರಲಿ. ಹಸಿ ಸಿಲ್ವರ್ ಓಕ್‌ನಲ್ಲಿ ಮಾಡಿಸಿದ ನನ್ನ ಮೊದಲ ಚೌಕಟ್ಟು ಏಪ್ರಿಲ್ ಹೊತ್ತಿಗೆ ತಿರುಚಿಕೊಂಡಿತು, ಒಂದು ಮೂಲೆಯ ಎಳೆಗಳೆಲ್ಲ ಸಡಿಲಾದವು. ಹಳೆಯ ಕಿಟಕಿಯ ಚೌಕಟ್ಟು ಸಿಕ್ಕರೆ ಅದಕ್ಕಿಂತ ಒಳ್ಳೆಯ ಮರ ಬೇರೆ ಇಲ್ಲ. ಅದು ಎಷ್ಟೋ ಬೇಸಿಗೆ ಕಂಡು ನೆಲೆನಿಂತಿರುತ್ತದೆ.

ಇದರಲ್ಲಿ ಎಳೆಗಳನ್ನು ಎತ್ತಿಕೊಡುವ ಏರ್ಪಾಡು ಇಲ್ಲ. ದೊಡ್ಡ ಸೂಜಿಗೆ ದಾರ ಪೋಣಿಸಿ ಒಂದು ಎಳೆಯ ಮೇಲೆ, ಒಂದರ ಕೆಳಗೆ ಎಂದು ದಾಟಿಸುತ್ತ ಹೋಗಬೇಕು. ನಿಧಾನ ನಿಜ. ಆದರೆ ಬಟ್ಟೆ ಎಂದರೆ ಏನು ಎಂಬುದು ಬೆರಳಿಗೆ ಅರ್ಥವಾಗುವುದು ಇಲ್ಲಿಯೇ.

ಮೊದಲ ಪಾಠ ಅಂಚಿನದು. ನನ್ನ ಮೊದಲ ತುಂಡು ಕೆಳಗೆ ಇಪ್ಪತ್ತು ಸೆಂಟಿಮೀಟರ್ ಅಗಲವಿತ್ತು, ಒಂದು ಗೇಣು ಮೇಲೆ ಬರುವಷ್ಟರಲ್ಲಿ ಹದಿನಾಲ್ಕಕ್ಕೆ ಇಳಿದಿತ್ತು, ಗಂಡುಮಕ್ಕಳ ಟೈಯ ಹಾಗೆ. ದಾರವನ್ನು ನಾನು ಎಳೆದಿರಲಿಲ್ಲ. ಆದರೂ ಏಕೆ ಹೀಗೆ? ಹೊಕ್ಕಿನ ದಾರ ನೇರವಾಗಿ ಹೋಗುವುದಿಲ್ಲ, ಪ್ರತಿ ಎಳೆಯನ್ನೂ ಹತ್ತಿ ಇಳಿದು ಹೋಗುತ್ತದೆ. ಆ ಏರಿಳಿತಕ್ಕೆ ಉದ್ದ ಬೇಕು. ನಾವು ನೇರವಾಗಿ ಹಾಸಿ ಬಡಿದರೆ ಆ ಉದ್ದವನ್ನು ಅದು ಅಂಚಿನಿಂದ ಎಳೆದುಕೊಳ್ಳುತ್ತದೆ. ಉಪಾಯ ಸರಳ: ದಾರವನ್ನು ಓರೆಯಾಗಿ, ಇಲ್ಲವೇ ಸಣ್ಣ ಗುಡ್ಡದಂತೆ ಕಮಾನಾಗಿ ಹಾಕಿ, ನಡುವಿನಿಂದ ಒತ್ತುತ್ತ ಎರಡೂ ಬದಿಗೆ ಬನ್ನಿ. ಈ ಒಂದು ಅಭ್ಯಾಸ ಚೌಕಟ್ಟಿನಲ್ಲಿ ಕೂತರೆ ಮುಂದೆ ಯಾವ ಮಗ್ಗಕ್ಕೆ ಹೋದರೂ ಉಳಿಯುತ್ತದೆ.

ಚೌಕಟ್ಟಿನ ಮಿತಿಯೂ ಸ್ಪಷ್ಟ. ಬಟ್ಟೆಯ ಉದ್ದ ಚೌಕಟ್ಟಿನ ಉದ್ದಕ್ಕಿಂತ ಹೆಚ್ಚಾಗದು. ಟವೆಲ್ ಬೇಕೆಂದರೆ ಆಗದು, ಲೋಟದ ಕೆಳಗಿಡುವ ಚೌಕ, ಚೀಲದ ಮುಚ್ಚಳ, ಗೋಡೆಗೆ ತೂಗುಹಾಕುವ ಚಿತ್ರ ಆದೀತು. ಇನ್ನೊಂದು ಮುಖ್ಯ ಕೊರತೆ, ಉದ್ದನೆಯ ಹಾಸನ್ನು ದಿಂಡಿಗೆ, ಅಂದರೆ ಮಗ್ಗದ ಉರುಳೆಗೆ, ಸುತ್ತುವುದನ್ನು ಇದು ಕಲಿಸುವುದಿಲ್ಲ. ಹಾಗೆಂದು ಇದನ್ನು ಮಕ್ಕಳ ಆಟಿಕೆ ಎಂದು ತಳ್ಳಬೇಡಿ. ನವಲಗುಂದದ ಹೆಣ್ಣುಮಕ್ಕಳು ಜಮಖಾನ ನೇಯುವುದು ಇದೇ ಬಗೆಯ ನಿಂತ ಮಗ್ಗದಲ್ಲಿ. ನಮ್ಮದೇ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, 1961ರಲ್ಲಿ ಟಿಬೆಟನ್ನರು ನೆಲೆಸಿದ ವಸತಿಯಲ್ಲಿ, ರತ್ನಗಂಬಳಿಗೆ ಬಳಸುವುದೂ ನಿಂತ ಮಗ್ಗವೇ. ಅವರು ಉಣ್ಣೆಯನ್ನು ಅಡ್ಡ ಸಲಾಕೆಯೊಂದರ ಮೇಲೆ ಸುತ್ತಿ ಸುತ್ತಿ ಕುಣಿಕೆ ಹಾಕಿ, ಸಾಲು ಮುಗಿದ ಮೇಲೆ ಕತ್ತರಿಸಿ ಜುಂಗು ಬಿಡಿಸುತ್ತಾರೆ. ಚೌಕಟ್ಟಿನ ಮೇಲೆ ಆರು ತಿಂಗಳು ಕುಳಿತವರಿಗೆ ಅದನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ.

ಖರ್ಚು? ನನಗೆ ಮರ, ಮೊಳೆ ಎಲ್ಲ ಸೇರಿ ಐನೂರು ರೂಪಾಯಿ ದಾಟಲಿಲ್ಲ. ಒಂದು ಹಾಸು ಹಾಕಲು ಅರ್ಧ ಗಂಟೆ ಸಾಕು. ನನ್ನ ನೋಟ್‌ಬುಕ್ಕಿನ ಮೊದಲ ಒಂಬತ್ತು ಹಾಸುಗಳು ಇದರವು.

ಸೊಂಟದ ಮಗ್ಗ

ನನಗೆ ಎಲ್ಲಕ್ಕಿಂತ ಪ್ರೀತಿಯ ಮಗ್ಗ ಇದು. ಎಲ್ಲರಿಗೂ ಒಗ್ಗುವುದಿಲ್ಲ ಎಂದೂ ಮೊದಲೇ ಹೇಳಿಬಿಡುತ್ತೇನೆ.

ಇದಕ್ಕೆ ಚೌಕಟ್ಟೇ ಇಲ್ಲ. ಐದಾರು ಕಡ್ಡಿ, ಒಂದು ಪಟ್ಟಿ, ಒಂದಿಷ್ಟು ಹುರಿ. ಹಾಸಿನ ಒಂದು ತುದಿಯ ಕಡ್ಡಿಯನ್ನು ಕಿಟಕಿಯ ಸರಳಿಗೋ ಕಂಬಕ್ಕೋ ಕಟ್ಟುತ್ತೀರಿ, ಇನ್ನೊಂದು ತುದಿಯ ಕಡ್ಡಿಯನ್ನು ಸೊಂಟದ ಹಿಂದೆ ಹಾಯಿಸಿದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಂದರೆ ಸಡಿಲಾಗುತ್ತದೆ. ನೀವೇ ಮಗ್ಗದ ಅರ್ಧ ಭಾಗ. ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಕಡೆಯ ಮನೆಗಳಲ್ಲಿ ಹೆಂಗಸರು ನೇಯುವ ಗಟ್ಟಿ ಶಾಲುಗಳು ಇಂಥ ಮಗ್ಗದಲ್ಲಿಯೇ ಹುಟ್ಟುತ್ತವೆ. ಅಗಲ ಎರಡೂ ಕೈಗೆ ಎಟುಕುವಷ್ಟೇ, ಆದ್ದರಿಂದ ದೊಡ್ಡ ಶಾಲು ಬೇಕಾದಾಗ ಪಟ್ಟಿಗಳನ್ನು ನೇಯ್ದು ಜೋಡಿಸಿ ಹೊಲಿಯುತ್ತಾರೆ.

ಮೈಸೂರಿನವರಿಗೆ ಇದರ ಸಾಮಾನು ಸಿಗುವುದು ಕಷ್ಟವಲ್ಲ. ಬಂಬೂ ಬಜಾರಿನಲ್ಲಿ ಒಳ್ಳೆಯ ಬಿದಿರು ಸಿಗುತ್ತದೆ. ಹೆಬ್ಬೆರಳು ದಪ್ಪದ, ಒಂದೂವರೆ ಅಡಿ ಉದ್ದದ ತುಂಡುಗಳನ್ನು ಕೊಯ್ಯಿಸಿಕೊಂಡು ಗಿಣ್ಣುಗಳನ್ನು ಮರಳು ಕಾಗದದಿಂದ ನುಣುಪಾಗಿ ಉಜ್ಜಿ. ಒಂದೇ ಒಂದು ಸಿಬಿರು ಉಳಿದರೂ ಅದು ಹಾಸಿನ ಎಳೆಯನ್ನು ಹಿಡಿದು ತರಿಯುತ್ತದೆ. ಬಡಿಯಲು ಕತ್ತಿಯಾಕಾರದ ತೆಳು ಹಲಗೆ ಬೇಕು, ಅದು ಮಾತ್ರ ತೂಕದ ಮರವಾಗಿರಲಿ. ಹುಣಸೆ ಮರದ್ದು ಸಿಕ್ಕರೆ ಬಿಡಬೇಡಿ.

ಇದರ ಹಾಸು ಹಾಕುವಾಗ ಒಂದು ಗುಟ್ಟು ತಿಳಿಯುತ್ತದೆ, ಅದು ಚೌಕಟ್ಟಿನಲ್ಲಿ ತಿಳಿಯದ್ದು. ನೆಲಕ್ಕೆ ಗೂಟ ನೆಟ್ಟು, ಇಲ್ಲವೇ ಬೆಂಚನ್ನು ತಲೆಕೆಳಗು ಮಾಡಿ ಅದರ ಕಾಲುಗಳ ನಡುವೆ, ದಾರವನ್ನು ಎಂಟರ ಆಕಾರದಲ್ಲಿ ಸುತ್ತುತ್ತೀರಿ. ನಡುವೆ ಎಳೆಗಳು ಒಂದನ್ನೊಂದು ದಾಟುತ್ತವೆ. ಆ ದಾಟಿನ ಎರಡೂ ಕಡೆ ಒಂದೊಂದು ಕಡ್ಡಿ ತೂರಿಸಿಟ್ಟರೆ ಎಷ್ಟು ನೂರು ಎಳೆ ಇದ್ದರೂ ಯಾವುದರ ಪಕ್ಕ ಯಾವುದು ಎಂಬ ಕ್ರಮ ಕೆಡುವುದಿಲ್ಲ. ನನ್ನ ಆ ನಾನೂರು ಎಳೆಗಳು ಗಂಟಾದದ್ದು ಆ ದಾಟನ್ನು ನಾನು ಕಟ್ಟದೆ ಬಿಟ್ಟದ್ದರಿಂದ. ಎರಡು ಕಡ್ಡಿ ಇಟ್ಟಿದ್ದರೆ ಒಂದು ಕಿಲೋ ನೂಲು ಉಳಿಯುತ್ತಿತ್ತು.

ಆಮೇಲೆ ಎಳೆ ಎತ್ತುವ ಕುಣಿಕೆಗಳು. ಒಂದು ಬಿಟ್ಟು ಒಂದು ಎಳೆಗೆ ನೂಲಿನ ಕುಣಿಕೆ ಹಾಕಿ ಅವನ್ನೆಲ್ಲ ಒಂದು ಕಡ್ಡಿಗೆ ಕಟ್ಟಬೇಕು. ಕಡ್ಡಿ ಎತ್ತಿದರೆ ಅರ್ಧ ಎಳೆಗಳು ಮೇಲೆ ಬಂದು ನಡುವೆ ದಾರಿ ತೆರೆಯುತ್ತದೆ. ಉಳಿದ ಅರ್ಧಕ್ಕೆ ಹಿಂದಿನ ದಪ್ಪ ಕಡ್ಡಿ. ಇಂಥ ನೂರು ಕುಣಿಕೆ ಕಟ್ಟುವುದು ಮೊದಲ ಸಲ ಎರಡು ಗಂಟೆಯ ಕೆಲಸ, ಐದನೆಯ ಸಲಕ್ಕೆ ನಲವತ್ತು ನಿಮಿಷ. ಮಲ್ಲಿಗೆ ಕಟ್ಟಿ ಅಭ್ಯಾಸವಿದ್ದವರ ಕೈಯಲ್ಲಿ ಇದು ಇನ್ನೂ ಬೇಗ ಸಾಗುವುದನ್ನು ನಾನು ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಹೂ ಕಟ್ಟುವ ಅಕ್ಕ ಒಬ್ಬರು ಒಂದೇ ಸಲ ನೋಡಿ, ನನಗಿಂತ ಒಪ್ಪವಾಗಿ, ಎಲ್ಲ ಕುಣಿಕೆಗಳೂ ಒಂದೇ ಅಳತೆಗೆ ಬರುವಂತೆ ಕಟ್ಟಿಕೊಟ್ಟರು.

ಬಾಡಿಗೆ ಮನೆಯಲ್ಲಿರುವವರಿಗೆ, ಒಂದೇ ಕೋಣೆಯಲ್ಲಿ ಸಂಸಾರ ಮಾಡುವವರಿಗೆ ಇದಕ್ಕೆ ಸಮನಾದ ಮಗ್ಗವಿಲ್ಲ. ಕೆಲಸ ಮುಗಿದರೆ ಚಾಪೆಯಂತೆ ಸುರುಳಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಬಹುದು. ಸದ್ದೂ ಇಲ್ಲ. ಆದರೆ ಬೆನ್ನುನೋವು, ಮಂಡಿನೋವು ಇದ್ದವರು ಇದರ ತಂಟೆಗೆ ಹೋಗಬಾರದು. ಕಾಲು ಚಾಚಿ ನೆಲದ ಮೇಲೆ ಕುಳಿತು, ಸೊಂಟದ ಬಲದಿಂದಲೇ ಬಿಗಿ ಕಾಯ್ದುಕೊಳ್ಳಬೇಕು. ಆರೋಗ್ಯವಂತರೂ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲೇಬೇಕು.

ಮೇಜಿನ ಮಗ್ಗ

ಈ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಕೊಳ್ಳುವ ಮೊದಲು ಯಾವುದೆಂದು ಕೇಳಿ.

ಒಂದು, ತೂತು ಹಣಿಗೆಯ ಮಗ್ಗ. ಇದರ ಹಣಿಗೆಯಲ್ಲಿ ಒಂದು ಸೀಳು, ಒಂದು ತೂತು, ಮತ್ತೆ ಸೀಳು, ಮತ್ತೆ ತೂತು, ಹೀಗೆ ಸಾಲಾಗಿ ಇರುತ್ತವೆ. ತೂತಿನ ಎಳೆ ಹಣಿಗೆಯ ಜೊತೆ ಏರಿಳಿಯುತ್ತದೆ, ಸೀಳಿನದು ಇದ್ದಲ್ಲೇ ಇರುತ್ತದೆ. ಹಣಿಗೆ ಎತ್ತಿದರೆ ಒಂದು ದಾರಿ, ತಗ್ಗಿಸಿದರೆ ಇನ್ನೊಂದು. ಬಡಿಯುವುದೂ ಅದೇ ಹಣಿಗೆಯಿಂದ. ಹಿಂದೆ ಹಾಸು ಸುತ್ತುವ ದಿಂಡು, ಮುಂದೆ ಬಟ್ಟೆ ಸುತ್ತುವ ದಿಂಡು. ಇಷ್ಟೇ. ನಿಜವಾದ ಉದ್ದನೆಯ ಬಟ್ಟೆ ಮನೆಯಲ್ಲಿ ಬರಬೇಕೆನ್ನುವ ಹೆಚ್ಚಿನ ಜನರಿಗೆ ನಾನು ಹೇಳುವುದು ಇದನ್ನೇ.

ಒಂದು ಶಾಲಿನ ಲೆಕ್ಕ ಕೊಡುತ್ತೇನೆ, ನೂಲು ತರುವಾಗ ಉಪಯೋಗಕ್ಕೆ ಬರುತ್ತದೆ. ಅಗಲ 30 ಸೆಂಟಿಮೀಟರ್, ಸೆಂಟಿಮೀಟರಿಗೆ ನಾಲ್ಕು ಎಳೆ: ಒಟ್ಟು 120 ಎಳೆ. ನೇಯ್ಗೆಯ ಉದ್ದ 180 ಸೆಂಟಿಮೀಟರ್ ಬೇಕೆಂದರೆ ಕಟ್ಟಲು, ಕುಗ್ಗಲು, ಕೊನೆಗೆ ಮಗ್ಗದಲ್ಲೇ ಉಳಿಯುವ ತುದಿಗೆ ಎಂದು ಎರಡೂವರೆ ಮೀಟರ್ ಹಾಸು ಹಾಕಬೇಕು. 120 ಎಳೆ ಎರಡೂವರೆ ಮೀಟರಿನಂತೆ 300 ಮೀಟರ್. ಹೊಕ್ಕು ಸೆಂಟಿಮೀಟರಿಗೆ ನಾಲ್ಕರಂತೆ 720 ಸಾಲು, ಸಾಲಿಗೆ 33 ಸೆಂಟಿಮೀಟರಿನಂತೆ ಸುಮಾರು 240 ಮೀಟರ್. ಒಟ್ಟು 540 ಮೀಟರ್. ಎರಡೆಳೆ ಹೊಸೆದ 20ನೇ ಕೌಂಟಿನ (ನೂಲು ಎಷ್ಟು ಸಣ್ಣ ಎಂಬುದರ ಅಳತೆ, ಮುಂದೆ ಹೇಳುತ್ತೇನೆ) ಹತ್ತಿ ನೂಲನ್ನು ನಾಲ್ಕು ಎಳೆ ಜೊತೆಗೂಡಿಸಿ ಬಳಸಿದರೆ ಗ್ರಾಮಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಬರುತ್ತದೆ, ಅಂದರೆ 130 ಗ್ರಾಂ ನೂಲು. ಹೊಸಬರು 200 ಗ್ರಾಂ ಇಟ್ಟುಕೊಂಡರೆ ನೆಮ್ಮದಿ.

120 ಎಳೆ ಪೋಣಿಸುವುದು ಒಂದು ಸಂಜೆಯ ಕೆಲಸ. ಶನಿವಾರ ಸಂಜೆ ಹಾಸು, ಭಾನುವಾರ ನೇಯ್ಗೆ. ತಿಂಗಳಿಗೆ ಎರಡು ಹಾಸು ಸುಲಭವಾಗಿ ಆಗುತ್ತದೆ. ನನ್ನ ಅಳತೆಗೋಲಿನಲ್ಲಿ ಇದು ಗೆಲ್ಲುವುದು ಈ ಕಾರಣಕ್ಕೇ. ಹಾಸನ್ನು ದಿಂಡಿಗೆ ಸುತ್ತುವಾಗ ಪದರದ ನಡುವೆ ದಪ್ಪ ಕಾಗದ ಇಡುವುದನ್ನು ಮರೆಯಬೇಡಿ. ಹಳೆಯ ಕ್ಯಾಲೆಂಡರಿನ ಹಾಳೆ ಒಳ್ಳೆಯದು. ಕಾಗದವಿಲ್ಲದಿದ್ದರೆ ಮೇಲಿನ ಸುತ್ತಿನ ಎಳೆ ಕೆಳಗಿನ ಸುತ್ತಿನೊಳಗೆ ಇಳಿದು, ಅರ್ಧ ಶಾಲು ನೇಯುವ ಹೊತ್ತಿಗೆ ಕೆಲವು ಎಳೆ ಜೋತುಬೀಳುತ್ತವೆ, ಕೆಲವು ತಂತಿಯಂತೆ ಬಿಗಿದಿರುತ್ತವೆ.

ಇದರಲ್ಲಿ ನಯವಾದ ಬಟ್ಟೆ ಬರುವುದಿಲ್ಲ. ಪಂಚೆ, ಸೀರೆ, ಅಂಗಿಯ ಬಟ್ಟೆಯ ಆಸೆ ಇದ್ದರೆ ಇದು ಸಾಲದು.

ಎರಡನೆಯದು, ಎಳೆ ಎತ್ತುವ ಕುಣಿಕೆಗಳ ನಾಲ್ಕು ಪಟ್ಟಿ ಇರುವ ಮೇಜಿನ ಮಗ್ಗ. ಬದಿಯ ಸನ್ನೆಗಳನ್ನು ಕೈಯಿಂದ ಒತ್ತಿ ಎಳೆಗಳ ಬೇರೆ ಬೇರೆ ಗುಂಪನ್ನು ಎತ್ತಬಹುದು. ಓರೆ ಗೆರೆಯ ನೇಯ್ಗೆ, ಸಣ್ಣ ಚೌಕುಳಿ ವಿನ್ಯಾಸಗಳು ಬರುತ್ತವೆ. ಮಾದರಿ ನೇಯ್ಗೆ ಕಲಿಯಲು ಚೆನ್ನ. ಆದರೆ ಪ್ರತಿ ಸಾಲಿಗೂ ಲಾಳಿ ಕೆಳಗಿಟ್ಟು ಸನ್ನೆಗೆ ಕೈ ಹಾಕಬೇಕು, ಲಯ ಹತ್ತುವುದಿಲ್ಲ. ಬೆಲೆಯೂ ಭಾರ. ಎರಡನೆಯ ವರ್ಷಕ್ಕೆ ಯೋಚಿಸಿ.

ಸದ್ದಿನ ವಿಷಯ ಒಂದು ಮಾತು. ಮಹಡಿ ಮನೆಯಲ್ಲಿ ಮೇಜಿನ ಮೇಲೆ ಹಣಿಗೆ ಬಡಿದರೆ ಕೆಳಗಿನವರಿಗೆ ಮಸಾಲೆ ಕುಟ್ಟಿದಂತೆ ಕೇಳುತ್ತದೆ. ಮೇಜಿನ ಕಾಲಿನ ಕೆಳಗೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿ, ರಾತ್ರಿ ಒಂಬತ್ತರ ಮೇಲೆ ನೇಯಬೇಡಿ.

ಗುಂಡಿಮಗ್ಗ, ಕಾಲ್ತುಳಿತದ ಮಗ್ಗ

ನೆಲದಲ್ಲಿ ಗುಂಡಿ, ಗುಂಡಿಯ ಅಂಚಿನಲ್ಲಿ ಕುಳಿತ ನೇಕಾರ, ಗುಂಡಿಯೊಳಗೆ ತುಳಿಯುವ ಎರಡು ಹಲಗೆ, ಮುಂದೆ ಮಾರುದ್ದ ಚಾಚಿದ ಹಾಸು. ನಮ್ಮ ಅಜ್ಜಂದಿರ ಕಾಲದಿಂದ ಬಟ್ಟೆ ಎಂದರೆ ಇದೇ. ಗುಂಡಿ ಏಕೆ ಎಂದು ನಾನು ಬಹಳ ದಿನ ಯೋಚಿಸಿರಲಿಲ್ಲ. ಕಾಲಿಗೆ ಜಾಗ ಎನ್ನುವುದು ಒಂದು ಕಾರಣ. ಇನ್ನೊಂದು, ಹಾಸು ನೆಲದ ಹತ್ತಿರ ಇರುವುದರಿಂದ ಮಣ್ಣಿನ ತಂಪು ಹತ್ತಿಗೆ ತಾಗುತ್ತದೆ. ಹತ್ತಿ ನೂಲು ತೇವದಲ್ಲಿ ಗಟ್ಟಿಯಾಗುತ್ತದೆ, ಒಣಗಿದರೆ ಪಟಪಟನೆ ಹರಿಯುತ್ತದೆ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಮಂಡ್ಯದ ಬಿಸಿಲಿನಲ್ಲಿ ಮಹಡಿಯ ಮೇಲೆ ನೇಯ್ದು ನೋಡಿದವರಿಗೆ ಗುಂಡಿಯ ಬೆಲೆ ಗೊತ್ತಾಗುತ್ತದೆ.

ಕಾಲು ಎಳೆ ಎತ್ತುತ್ತದೆ, ಬಲಗೈ ಹಗ್ಗ ಜಗ್ಗುತ್ತದೆ, ಲಾಳಿ ತಾನೇ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಹಾರುತ್ತದೆ, ಎಡಗೈ ಬಡಿಯುತ್ತದೆ. ಈ ಹಾರುವ ಲಾಳಿ ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದದ್ದು. ಅದಿಲ್ಲದಿದ್ದರೆ ಪಂಚೆಯ ಅಗಲಕ್ಕೆ ಒಬ್ಬರ ಕೈ ಸಾಲುವುದೇ ಕಷ್ಟ. ಮೂರೂ ಅಂಗ ಹೊಂದಿಕೊಂಡಾಗ ಹುಟ್ಟುವ ಲಯ ಬೇರೆ ಯಾವ ಮಗ್ಗದಲ್ಲೂ ಇಲ್ಲ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ಮೊದಲ ಮಗ್ಗವಾಗಿ ಬೇಡ ಎಂದೇ ಹೇಳುತ್ತೇನೆ.

ಲೆಕ್ಕ ನೋಡಿ. ನಲವತ್ತೆಂಟು ಇಂಚು ಅಗಲದ ಪಂಚೆ, ಇಂಚಿಗೆ ಐವತ್ತು ಎಳೆ: 2,400 ಎಳೆ. ಒಂದೊಂದನ್ನೂ ಕುಣಿಕೆಯ ಕಣ್ಣಿನಲ್ಲಿ ತೂರಿಸಿ, ಹಣಿಗೆಯ ಸಂದಿಯಲ್ಲಿ ಎಳೆಯಬೇಕು. ಅದಕ್ಕೂ ಮೊದಲು ಹಾಸಿನ ಎಳೆಗಳಿಗೆ ಗಂಜಿ ಹಾಕಿ, ಬೀದಿಯುದ್ದ ಚಾಚಿ, ಕುಂಚದಿಂದ ತೀಡಿ ಒಣಗಿಸಬೇಕು. ಇದು ಒಬ್ಬರ ಕೆಲಸವಲ್ಲ. ನೇಕಾರರ ಮನೆಯಲ್ಲಿ ಒಬ್ಬರು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಾರೆ, ಇಬ್ಬರು ಹಾಸು ಹಿಡಿಯುತ್ತಾರೆ, ಒಬ್ಬರು ನೇಯುತ್ತಾರೆ. ಒಮ್ಮೆ ಹಾಕಿದ ಹಾಸು ವಾರಗಟ್ಟಲೆ ಬರುತ್ತದೆ. ಅವರಿಗೆ ಅದು ಅನುಕೂಲ. ಕಲಿಯುವವರಿಗೆ ಅದೇ ತೊಡಕು: ವರ್ಷಕ್ಕೆ ಮೂರು ನಾಲ್ಕು ಹಾಸು ಹಾಕಿದರೆ ಹೆಚ್ಚು.

ಪರಿಣತರು ಹಳೆಯ ಹಾಸಿನ ತುದಿಗೆ ಹೊಸ ಹಾಸು ಬೆಸೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಶ್ರೀರಂಗಪಟ್ಟಣದ ಕಡೆ ರೇಷ್ಮೆ ನೇಯುವ ಮನೆಯೊಂದರಲ್ಲಿ ನಾನು ಒಂದು ಬೆಳಿಗ್ಗೆ ಪೂರ್ತಿ ಕುಳಿತು ನೋಡಿದೆ. ಎಪ್ಪತ್ತು ದಾಟಿದ ಅಜ್ಜಿ, ಪಕ್ಕದಲ್ಲಿ ಒಂದು ಚಿಪ್ಪಿನಲ್ಲಿ ಬೂದಿ. ಹಳೆಯ ಎಳೆಯ ತುದಿ, ಹೊಸ ಎಳೆಯ ತುದಿ, ಎರಡನ್ನೂ ಜೋಡಿಸಿ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹೊಸೆತ, ಮಡಿಸಿ ಇನ್ನೊಂದು ಹೊಸೆತ. ಗಂಟೇ ಇಲ್ಲ. ಬೂದಿ ಬೆರಳಿನ ಬೆವರು ಹೀರಿ ಎಳೆಗೆ ಹಿಡಿತ ಕೊಡುತ್ತದೆ. ನನಗೆ ಎಳೆ ಕಾಣಿಸುತ್ತಲೂ ಇರಲಿಲ್ಲ, ಅವರ ಬೆರಳಿನ ಚಲನೆ ಮಾತ್ರ ಕಾಣಿಸುತ್ತಿತ್ತು. "ಕಣ್ಣಲ್ಲಿ ಹುಡುಕಬೇಡ ಮಗಳೇ, ಬೆರಳಿಗೆ ಸಿಗುತ್ತದೆ" ಎಂದರು. ನಾನು ಹತ್ತು ಬೆಸೆದೆ, ಏಳು ಬಿಟ್ಟುಹೋದವು.

ಆದ್ದರಿಂದ ನನ್ನ ಸಲಹೆ: ಗುಂಡಿಮಗ್ಗವನ್ನು ಕೊಳ್ಳಬೇಡಿ, ಅದರ ಬಳಿ ಹೋಗಿ ಕುಳಿತುಕೊಳ್ಳಿ. ಮೈಸೂರು, ಮಂಡ್ಯದವರಿಗೆ ಅದು ದೂರವಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ ರೇಷ್ಮೆ ಸೀರೆಯ ನೇಕಾರರ ಊರು. ಈಗ ಅಲ್ಲಿ ವಿದ್ಯುತ್ ಮಗ್ಗದ ಸದ್ದೇ ಹೆಚ್ಚು. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆಯನ್ನೂ ನೈಸರ್ಗಿಕ ಬಣ್ಣಗಾರಿಕೆಯನ್ನೂ ನಡೆಸಿಕೊಂಡು ಬಂದಿದೆ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ 1927ರಲ್ಲಿ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಸತ್ಯಾಗ್ರಹ ನಡೆದದ್ದೂ ಅಲ್ಲಿಯೇ. ಇಂಥ ಜಾಗಗಳಿಗೆ ಮೊದಲೇ ವಿಚಾರಿಸಿ ಹೋಗಿ. ಅವರ ದುಡಿಮೆಯ ಹೊತ್ತಿನಲ್ಲಿ ಅಡ್ಡ ನಿಲ್ಲಬೇಡಿ. ಬರುವಾಗ ಅವರು ನೇಯ್ದ ಒಂದು ಟವೆಲನ್ನಾದರೂ ಚೌಕಾಸಿ ಮಾಡದೆ ಕೊಂಡುಕೊಳ್ಳಿ. ಎಳೆ ಎಣಿಸಲು, ಅಂಚು ನೋಡಲು ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಇಲ್ಲ.

ಒಂದು ತಪ್ಪು ಕಲ್ಪನೆ ಇಲ್ಲಿಯೇ ಬಿಡಿಸಿಬಿಡುತ್ತೇನೆ, ಏಕೆಂದರೆ ಕೈಮಗ್ಗ ನೋಡಬೇಕೆಂದು ಹೊರಡುವ ಎಷ್ಟೋ ಜನ ಮೊದಲು ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಗೆ ಹೋಗುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಆರಂಭಿಸಿದ ಕಾರ್ಖಾನೆ ಅದು. ಅಲ್ಲಿ ಮೈಸೂರು ರೇಷ್ಮೆ ಸೀರೆ ಹುಟ್ಟುವುದು ವಿದ್ಯುತ್ ಮಗ್ಗದಲ್ಲಿ. ನೋಡಲೇಬೇಕಾದ ಜಾಗ, ಆ ಸೀರೆಯ ಮೇಲೆ ನನಗೂ ಹೆಮ್ಮೆಯಿದೆ. ಆದರೆ ಕೈಮಗ್ಗದ ಪಾಠ ಅಲ್ಲಿ ಸಿಗುವುದಿಲ್ಲ.

ನೂಲು

ಮಗ್ಗದಷ್ಟೇ ಮುಖ್ಯ, ಆದರೆ ಆಯ್ಕೆ ಸುಲಭ. ಹತ್ತಿಯಿಂದ ಆರಂಭಿಸಿ. ಹೊಸೆದ ಎರಡೆಳೆ ಅಥವಾ ನಾಲ್ಕೆಳೆ ನೂಲೇ ಇರಲಿ, ಒಂಟಿ ಎಳೆ ಬೇಡ. ಗಂಜಿಯಿಲ್ಲದೆ ಒಂಟಿ ಎಳೆ ಹಣಿಗೆಯ ತಿಕ್ಕಾಟ ತಾಳದು. ಕೌಂಟ್ ಎಂಬ ಸಂಖ್ಯೆ ಹೊಸಬರನ್ನು ದಿಕ್ಕುತಪ್ಪಿಸುತ್ತದೆ: 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ಕೌಂಟ್. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನೂಲು ಸಣ್ಣ. ಇಪ್ಪತ್ತು ದಪ್ಪ, ಎಂಬತ್ತು ಕೂದಲು. ಕ್ರೋಶೆ ಹಾಕುವ ದಪ್ಪ ಹತ್ತಿ ದಾರವೂ ಮೊದಲ ಹಾಸುಗಳಿಗೆ ಆಗುತ್ತದೆ.

ಕೊಳ್ಳುವ ಮೊದಲು ಒಂದು ಮೊಳ ನೂಲನ್ನು ಎರಡೂ ಕೈಯಲ್ಲಿ ಹಿಡಿದು ಸಟ್ಟನೆ ಎಳೆದು ನೋಡಿ. ತಟ್ಟನೆ ಶಬ್ದ ಮಾಡಿ ಹರಿದರೆ ಹಾಸಿನ ಎಳೆಗೆ ಆದೀತು. ಮೆತ್ತಗೆ ಜಾರಿ ಬಿಟ್ಟುಹೋದರೆ ಅದು ಹೊಕ್ಕಿಗೆ ಮಾತ್ರ.

ಸ್ವೆಟರ್ ಹೆಣೆಯುವ ಅಕ್ರಿಲಿಕ್ ದಾರ ಅಗ್ಗ, ಬಣ್ಣವೂ ಚೆಂದ. ಆದರೆ ಅದು ರಬ್ಬರಿನಂತೆ ಹಿಗ್ಗುತ್ತದೆ. ಬಿಗಿಯ ಪಾಠ ಅದರಲ್ಲಿ ತಪ್ಪಾಗಿ ಕೂರುತ್ತದೆ. ಉಣ್ಣೆಯಲ್ಲಿ ನಮ್ಮ ಕಡೆಯ ಕಂಬಳಿಯ ಒರಟು ನೂಲು ಹಾಸಿನ ಎಳೆಗೆ ಬೇಡ. ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಾಕಿ ಅದನ್ನು ಪಳಗಿಸುತ್ತಾರೆ, ಅದು ಬೇರೆಯದೇ ವಿದ್ಯೆ. ಹೊಕ್ಕಿಗೆ ಮಾತ್ರ ಬಳಸಿದರೆ ಚೌಕಟ್ಟಿನಲ್ಲಿ ಒಳ್ಳೆಯ ಆಸನ ಬರುತ್ತದೆ. ರೇಷ್ಮೆ ಹಾಸಿನ ಆಸೆಯನ್ನು ಒಂದು ವರ್ಷ ತಡೆದುಕೊಳ್ಳಿ. ಅದು ಜಾರುತ್ತದೆ, ಒರಟು ಬೆರಳಿನ ಚರ್ಮಕ್ಕೆ ಸಿಕ್ಕಿಕೊಳ್ಳುತ್ತದೆ, ಹತ್ತಿಗೆ ನೀರು ಬಲ ಕೊಟ್ಟರೆ ಇದರ ಬಲವನ್ನು ನೀರು ಕುಗ್ಗಿಸುತ್ತದೆ.

ಯಾರಿಗೆ ಯಾವುದು

ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ, ಇಲ್ಲವೇ ಇಷ್ಟವಾಗುತ್ತದೋ ಇಲ್ಲವೋ ಎಂದು ಅನುಮಾನವಿದ್ದರೆ ಚೌಕಟ್ಟು. ಜಾಗವಿಲ್ಲ, ಹಣ ಹೆಚ್ಚಿಲ್ಲ, ಬೆನ್ನು ಗಟ್ಟಿಯಿದೆ ಎನ್ನುವವರಿಗೆ ಸೊಂಟದ ಮಗ್ಗ. ಅದು ನಿಮಗೆ ಕಲಿಸಿದಷ್ಟು ಇನ್ನಾವುದೂ ಕಲಿಸುವುದಿಲ್ಲ. ಕಚೇರಿಗೆ ಹೋಗುವವರು, ವಾರಕ್ಕೆ ಒಂದೂವರೆ ದಿನ ಸಿಗುವವರು, ನಿವೃತ್ತರಾಗಿ ಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡಬೇಕಾದವರು ತೂತು ಹಣಿಗೆಯ ಮಗ್ಗಕ್ಕೆ ಹೋಗಲಿ, ಅಗಲ ನಲವತ್ತು ಸೆಂಟಿಮೀಟರಿಗಿಂತ ಹೆಚ್ಚು ಬೇಡ. ನೇಯ್ದು ಮಾರಿ ಜೀವನ ಸಾಗಿಸಬೇಕೆನ್ನುವವರು ಮಾತ್ರ ನೇರವಾಗಿ ಕಾಲ್ತುಳಿತದ ಮಗ್ಗಕ್ಕೆ ಹೋಗಬೇಕು, ಅದೂ ಒಬ್ಬ ನೇಕಾರರ ಪಕ್ಕ ಕೆಲವು ತಿಂಗಳು ಕುಳಿತ ಮೇಲೆ. ಅಷ್ಟು ಬಿಡುವಿಲ್ಲವೆಂದರೆ ಮಗ್ಗಕ್ಕೆ ಹಾಕುವ ಹಣವನ್ನು ಹಾಗೆಯೇ ಇಟ್ಟುಕೊಳ್ಳಿ.

ಶಿಬಿರಕ್ಕೆ ಸೇರುವವರು ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಹಾಸು ನಾವೇ ಹಾಕುತ್ತೇವೆಯೇ? ಇಲ್ಲ, ಹಾಕಿಟ್ಟಿರುತ್ತೇವೆ ಎಂದರೆ ಬೇರೆ ಶಿಬಿರ ಹುಡುಕಿ. ವಿಡಿಯೋ ನೋಡಿ ಕಲಿಯುವುದೂ ಸಾಧ್ಯ, ಆದರೆ ಬಿಗಿ ಎಷ್ಟಿರಬೇಕು ಎಂಬುದನ್ನು ಪರದೆ ತೋರಿಸಲಾರದು. ಒಮ್ಮೆಯಾದರೂ ಬಲ್ಲವರ ಮಗ್ಗದ ಹಾಸಿನ ಮೇಲೆ ಅಂಗೈ ಇಟ್ಟು, ಮೆಲ್ಲನೆ ಒತ್ತಿ, ಅದು ಹೇಗೆ ಮೇಲಕ್ಕೆ ತಳ್ಳುತ್ತದೆ ಎಂದು ನೋಡಿ ಬನ್ನಿ.

ಮೊದಲ ಬಟ್ಟೆ ಮಗ್ಗದಿಂದ ಇಳಿದಾಗ ಅಳತೆ ಬರೆದಿಡಿ, ಬೆಚ್ಚಗಿನ ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಹತ್ತಿ ನೂರಕ್ಕೆ ಹತ್ತರಷ್ಟು ಕುಗ್ಗಿರುತ್ತದೆ, ಎಳೆಗಳ ನಡುವಿನ ಸಂದಿ ಮುಚ್ಚಿ ಬಟ್ಟೆ ಮೈದುಂಬಿಕೊಂಡಿರುತ್ತದೆ. ಆ ಎರಡು ಅಳತೆಯನ್ನೂ ನೋಟ್‌ಬುಕ್ಕಿನಲ್ಲಿ ಹಾಸಿನ ಸಂಖ್ಯೆಯ ಪಕ್ಕ ಬರೆಯಿರಿ. ನನ್ನದರಲ್ಲಿ ಈಗ ನಲವತ್ತೊಂದನೆಯದು ನಡೆಯುತ್ತಿದೆ: 160 ಎಳೆ, ಮೂರು ಮೀಟರ್, ಎರಡು ಟವೆಲಿಗೆ. ಬಲ ಅಂಚಿನಿಂದ ಒಂಬತ್ತನೆಯ ಎಳೆ ನಿನ್ನೆ ಹರಿದಿದೆ, ಇಂದು ಸಂಜೆ ಅದನ್ನು ಬೆಸೆಯಬೇಕು.